ಆರಿದ್ರೆ ಮಳೆ, ಗೆದ್ದಲು ಮತ್ತು ಅಣಬೆ

ನಮಸ್ಕಾರ.

ಮಲೆನಾಡಿನಲ್ಲಿ ಅಣಬೆಯ ಮಾತು ತೆಗೆದರೆ ಎರಡು ದೂರು ಕೇಳಿಬರುತ್ತವೆ. ಮೊದಲಿನ ಹಾಗೆ ಏಳುವುದಿಲ್ಲ ಎನ್ನುವುದು ಒಂದು. ಎದ್ದಷ್ಟನ್ನೂ ಬೆಳಗಾಗುವುದರೊಳಗೆ ಯಾರೋ ಕಿತ್ತುಕೊಂಡು ಹೋಗಿರುತ್ತಾರೆ ಎನ್ನುವುದು ಇನ್ನೊಂದು. ಎರಡನ್ನೂ ಕೂಡಿಸಿ, ಕೀಳುವವರು ಹೆಚ್ಚಾಗಿದ್ದಕ್ಕೇ ಅಣಬೆ ಕಡಿಮೆಯಾಯಿತು ಎಂದು ಲೆಕ್ಕ ಮುಗಿಸುವುದು ಸುಲಭ. ಆದರೆ ಈ ಲೆಕ್ಕ ಎಲ್ಲ ಅಣಬೆಗೂ ಒಂದೇ ರೀತಿ ಹೊಂದುವುದಿಲ್ಲ.

ಸ್ವಿಟ್ಜರ್ಲೆಂಡಿನಲ್ಲಿ ಇದೇ ಪ್ರಶ್ನೆಯನ್ನು 1975ರಿಂದ 29 ವರ್ಷ ಕಾಡಿನಲ್ಲೇ ಪರೀಕ್ಷಿಸಿದರು. ನೆಲವನ್ನು ಭಾಗ ಮಾಡಿ, ಕೆಲವು ಕಡೆ ಅಣಬೆಯನ್ನು ಬುಡಸಮೇತ ಕಿತ್ತರು, ಕೆಲವು ಕಡೆ ಚಾಕುವಿನಿಂದ ಕೊಯ್ದರು, ಕೆಲವು ಕಡೆ ಮುಟ್ಟದೆ ಬಿಟ್ಟರು. ಕಿತ್ತರೂ ಕೊಯ್ದರೂ ಮುಂದಿನ ವರ್ಷಗಳ ಇಳುವರಿ ತಗ್ಗಲಿಲ್ಲ. ನೆಲವನ್ನು ತುಳಿದ ಕಡೆ ಮಾತ್ರ ಅಣಬೆ ಏಳುವುದು ಕಡಿಮೆಯಾಯಿತು. ನಾವು ಅಣಬೆ ಎಂದು ಕರೆಯುವುದು ಮರದ ಹಣ್ಣಿದ್ದಂತೆ, ನಿಜವಾದ ಜೀವಿ ಮಣ್ಣಿನೊಳಗೆ ಎಳೆಗಳ ಜಾಲವಾಗಿ ಹಬ್ಬಿರುತ್ತದೆ. ಹಣ್ಣು ಕಿತ್ತರೆ ಮರ ಸಾಯುವುದಿಲ್ಲ.

ಹಾಗಾದರೆ ಮನಸ್ಸಿಗೆ ಬಂದಷ್ಟು ಕೀಳಬಹುದೇ? ಅಲ್ಲೇ ನಮ್ಮ ಕಾಡಿಗೂ ಅಲ್ಲಿಯ ಕಾಡಿಗೂ ವ್ಯತ್ಯಾಸ. ಪಶ್ಚಿಮ ಘಟ್ಟದ ಜನ ಅತಿ ಇಷ್ಟಪಟ್ಟು ತಿನ್ನುವ ಅಣಬೆ ಹುತ್ತದ್ದು, ಅದರ ಸಂಸಾರವೇ ಬೇರೆ.

ಹುತ್ತದ ಅಣಬೆಗಳ ಕುಲಕ್ಕೆ ಟರ್ಮಿಟೊಮೈಸಿಸ್ ಎಂದು ಹೆಸರು. 1942ರಲ್ಲಿ ಫ್ರಾನ್ಸಿನ ಶಿಲೀಂಧ್ರತಜ್ಞ ರೋಜೆ ಎಮ್ ಇಟ್ಟ ಹೆಸರದು. ಗೋವೆಯ ಕೊಂಕಣಿಗರು ಇದನ್ನು ರೋಣ್ ಅಳಮಿ ಎನ್ನುತ್ತಾರೆ, ಅಲ್ಲಿ ರೋಣ್ ಎಂದರೆ ಹುತ್ತ. ಕೊಡವರಿಗೆ ಅಣಬೆಯೆಲ್ಲ ಕುಮ್ಮು. ಹೆಸರು ಊರಿಗೊಂದಾದರೂ ಕೆಳಗಿನ ವ್ಯವಹಾರ ಒಂದೇ. ಗೆದ್ದಲು ಒಣಗಿದ ಕಟ್ಟಿಗೆ, ದರಗು, ಹುಲ್ಲು ತಿಂದು ಗೂಡಿಗೆ ಹೋಗಿ ಹಿಕ್ಕೆ ಹಾಕುತ್ತದೆ. ಆ ಹಿಕ್ಕೆಯನ್ನೇ ಪೇರಿಸಿ ಜೇನುತಟ್ಟಿಯಂಥ ಸ್ಪಂಜಿನ ತಟ್ಟಿ ಕಟ್ಟುತ್ತದೆ. ತಟ್ಟಿಯ ಮೇಲೆ ಶಿಲೀಂಧ್ರ ಬೆಳೆದು, ಗೆದ್ದಲಿಗೆ ಅರಗದ ಕಟ್ಟಿಗೆಯ ಅಂಶವನ್ನು ಮೆತ್ತಗೆ ಮಾಡುತ್ತದೆ. ಸಾಸಿವೆಯಷ್ಟು ಬಿಳಿ ಉಂಡೆಗಳನ್ನೂ ಬಿಡುತ್ತದೆ. ಗೆದ್ದಲಿನ ಊಟ ಅದು. ಈ ಕೂಡಾಟ ಆಫ್ರಿಕಾದಲ್ಲಿ ಸುಮಾರು 3 ಕೋಟಿ ವರ್ಷಗಳ ಹಿಂದೆ ಶುರುವಾಯಿತೆಂದು ಅಂದಾಜು. ಅಷ್ಟು ಹಳೆಯ ನಂಟಾದ್ದರಿಂದಲೇ ಹುತ್ತದ ಅಣಬೆಯನ್ನು ಶೆಡ್ಡಿನಲ್ಲಿ ಹುಲ್ಲಿನ ಚೀಲದಲ್ಲಿ ಬೆಳೆಸಿ ಮಾರಲು ಯಾರಿಗೂ ಆಗಿಲ್ಲ. ಚಿಪ್ಪಣಬೆಗೆ ಹುಲ್ಲು ಸಾಕು, ಇದಕ್ಕೆ ಗೆದ್ದಲೇ ಬೇಕು.

ಈಗ ಕೀಳುವ ಪ್ರಶ್ನೆಗೆ ಬರೋಣ. ಮೊದಲ ಮಳೆ ಬಿದ್ದ ಸಂಜೆ ದೀಪಕ್ಕೆ ಮುತ್ತುವ ಈಚಲು ಹುಳಗಳನ್ನು ಎಲ್ಲರೂ ಕಂಡಿದ್ದೀರಿ. ರೆಕ್ಕೆ ಬಂದ ಗೆದ್ದಲು ಅವು. ಜೋಡಿಯಾಗಿ ನೆಲಕ್ಕಿಳಿದು, ರೆಕ್ಕೆ ಉದುರಿಸಿ, ಹೊಸ ಗೂಡು ಹೂಡುತ್ತವೆ. ನಮ್ಮಲ್ಲಿ ಹುತ್ತದ ಅಣಬೆಗೆ ಆಸರೆಯಾದ ಒಡೊಂಟೊಟರ್ಮಿಸ್ ಗೆದ್ದಲು ಹೀಗೆ ಹಾರುವಾಗ ತವರಿನಿಂದ ಶಿಲೀಂಧ್ರವನ್ನು ಕಟ್ಟಿಕೊಂಡು ಹೋಗುವುದಿಲ್ಲ. ಹೊಸ ಗೂಡಿನ ಮೊದಲ ಆಳುಗಳು ಕೆಲವು ವಾರಗಳ ಮೇಲೆ ಮೇವಿಗೆ ಹೊರಟಾಗ ದರಗಿನ ಮೇಲೆ ಬಿದ್ದಿರುವ ಬೀಜಕಣಗಳನ್ನು ತಿಂದು ಒಳಗೆ ತರಬೇಕು. ಆ ಬೀಜಕಣ ಉದುರುವುದು ಪೂರ್ತಿ ಅರಳಿದ ಅಣಬೆಯ ಕೊಡೆಯಿಂದ. ಹಳೆಯ ಹುತ್ತದಲ್ಲಿ ಎಲ್ಲವನ್ನೂ ಕಿತ್ತರೆ ಆ ಹುತ್ತಕ್ಕೆ ತೊಂದರೆಯಿಲ್ಲ, ಮುಂದಿನ ವರ್ಷ ಅಲ್ಲೇ ಮತ್ತೆ ಏಳುತ್ತದೆ. ತೊಂದರೆಯಾಗುವುದು ಇನ್ನೂ ಹುಟ್ಟಬೇಕಾದ ಹುತ್ತಕ್ಕೆ. ಅದರ ಪರಿಣಾಮ ಕಾಣುವುದು ಮರುವರ್ಷವಲ್ಲ, ಹಳೆಯ ಹುತ್ತಗಳು ಒಂದೊಂದಾಗಿ ಸತ್ತ ಮೇಲೆ. ಸ್ವಿಟ್ಜರ್ಲೆಂಡಿನ ಫಲಿತಾಂಶವನ್ನು ಹುತ್ತದ ಅಣಬೆಗೆ ಹಾಗೇ ಹಚ್ಚಬಾರದು ಎನ್ನುವುದು ಇದಕ್ಕೇ.

ಕರಾವಳಿಯ ಕಲ್ಲಣಬೆ ಮತ್ತೊಂದು ಬಗೆ. ತುಳುವಿನಲ್ಲಿ ಕಲ್ಲಲಂಬು. ಆಸ್ಟ್ರಿಯಸ್ ಕುಲದ ಇದು ಮಳೆಗಾಲದ ಹೊಸ್ತಿಲಲ್ಲಿ ಜಂಬಿಟ್ಟಿಗೆ ನೆಲದ ಹಾಡಿಗಳಲ್ಲಿ, ಮಣ್ಣಿನಲ್ಲಿ ಅರ್ಧ ಹುದುಗಿದ ಗೋಲಿಯಂತೆ ಸಿಗುತ್ತದೆ. ಇದಕ್ಕೆ ಗೆದ್ದಲು ಬೇಡ, ಜೀವಂತ ಮರದ ಬೇರು ಬೇಕು. ಬೋಗಿ, ಧೂಪದಂಥ ಮರಗಳ ಎಳೆಬೇರಿಗೆ ಕವಚದಂತೆ ಸುತ್ತಿಕೊಂಡು, ಮರಕ್ಕೆ ರಂಜಕ ಮತ್ತು ನೀರು ಎಳೆದುಕೊಟ್ಟು, ಬದಲಿಗೆ ಸಕ್ಕರೆ ಪಡೆಯುತ್ತದೆ. ಮರ ಕಡಿದರೆ ಈ ಲೇವಾದೇವಿ ಮುಗಿಯಿತು. ಕೀಳುವ ಕೈಯಿಂದ ಕಲ್ಲಣಬೆಗೆ ಆಗುವ ನಷ್ಟ ಸಣ್ಣದು, ಹಾಡಿ ಸವರಿ ಅಕೇಶಿಯಾ ಹಾಕಿದ್ದರಿಂದ ಆದ ನಷ್ಟ ದೊಡ್ಡದು.

ಮಳೆಯ ವಿಷಯ. ಹಿರಿಯರು ಅಣಬೆಯ ದಿನವನ್ನು ಕ್ಯಾಲೆಂಡರಿನಲ್ಲಿ ಅಲ್ಲ, ಮಳೆ ನಕ್ಷತ್ರದಲ್ಲಿ ಹೇಳುತ್ತಾರೆ. ರೋಹಿಣಿ ಮೇ ಕೊನೆಯ ವಾರಕ್ಕೆ ಹೂಡಿ, ಮೃಗಶಿರೆ ಜೂನ್ 8ರ ಆಸುಪಾಸಿಗೆ, ಆರಿದ್ರೆ ಜೂನ್ 22ರ ಸುಮಾರಿಗೆ. ಗುಡುಗಿದರೆ ಅಣಬೆ ಏಳುತ್ತದೆ ಎಂಬ ಮಾತು ಎಲ್ಲ ಊರಲ್ಲೂ ಇದೆ. ಜಪಾನಿನಲ್ಲಿ ಅಣಬೆ ಬೆಳೆಯುವ ಮರದ ತುಂಡುಗಳಿಗೆ ಕ್ಷಣಕಾಲ ಭಾರಿ ವಿದ್ಯುತ್ ಹಾಯಿಸಿ ಇಳುವರಿ ಹೆಚ್ಚಿದ್ದನ್ನು ತೋರಿಸಿದ್ದಾರೆ, ಹಾಗಾಗಿ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಆದರೂ ನಮ್ಮ ಲೆಕ್ಕದಲ್ಲಿ ಮುಖ್ಯ ಕಾರಣ ಸರಳ. ಗುಡುಗಿನ ಮಳೆ ಬೇಸಿಗೆಯ ಕಾದ ಮಣ್ಣನ್ನು ತಟ್ಟಿಯ ಆಳದವರೆಗೆ ತಣಿಸಿ ನೆನೆಸುತ್ತದೆ. ಆಗ ತಟ್ಟಿಯಿಂದ ಬೇರಿನಂಥ ಉದ್ದ ದಂಟು ಹೊರಟು, ಚೂಪು ತಲೆಯಿಂದ ಮಣ್ಣು ಸೀಳಿ ಮೇಲೆ ಬರುತ್ತದೆ.

ಈ ಸರಪಳಿಗೆ ಹದವಾದ ಮಳೆ ಬೇಕು. 2023ರಲ್ಲಿ ಮುಂಗಾರು ಕೇರಳ ಮುಟ್ಟಿದ್ದು ಜೂನ್ 8ಕ್ಕೆ, ಒಂದು ವಾರ ತಡ. ಆ ವರ್ಷದ ಆಗಸ್ಟ್, ದೇಶದ ಮಟ್ಟಿಗೆ, 1901ರಿಂದೀಚಿನ ದಾಖಲೆಯಲ್ಲೇ ಅತಿ ಒಣ ಆಗಸ್ಟ್. 2025ರಲ್ಲಿ ಮುಂಗಾರು ಮೇ 24ಕ್ಕೇ ಬಂತು, ಎಂಟು ದಿನ ಮೊದಲು. ಎರಡೇ ವರ್ಷದ ಅಂತರದಲ್ಲಿ ಇಷ್ಟು ಹೊಯ್ದಾಟ. ಮಳೆ ತಡವಾದರೆ ಮೇಲ್ಮಣ್ಣು ಗಟ್ಟಿಯಾಗಿ ದಂಟು ಮೇಲೆ ಬರಲಾರದು. ಒಂದೇ ದಿನ ಸುರಿದು ನೀರು ಹರಿದುಹೋದರೆ ಮೇಲಿನ ಎರಡಂಗುಲ ಕೆಸರು, ಕೆಳಗೆ ಒಣಕಲು. ಎದ್ದ ಅಣಬೆಗೆ ಬಿಡದೆ ಮಳೆ ಹೊಡೆದರೆ ಕೊಡೆ ನೀರು ಹೀರಿ ಒಂದೇ ದಿನಕ್ಕೆ ಕೊಳೆತು ಬೀಜಕಣ ಗಾಳಿಗೆ ಹೋಗುವುದಿಲ್ಲ. ಇನ್ನೊಂದು ಆತಂಕ ನಮ್ಮ ಊಹೆ, ಊಹೆಯೆಂದೇ ತೆಗೆದುಕೊಳ್ಳಿ: ಏಪ್ರಿಲಿನ ಅಕಾಲಿಕ ಮಳೆಗೆ ಈಚಲು ಹಾರಿ, ಆಮೇಲೆ ಆರೆಂಟು ವಾರ ಮಳೆಯೇ ಇಲ್ಲವೆಂದರೆ, ಹೊಸ ಗೂಡಿನ ಆಳುಗಳು ಹೊರಬರುವ ಹೊತ್ತಿಗೂ ಅಣಬೆ ಅರಳುವ ಹೊತ್ತಿಗೂ ತಾಳೆ ತಪ್ಪುತ್ತದೆ.

ಮಳೆಯನ್ನು ನಾವು ಸರಿಪಡಿಸಲಾರೆವು. ಮಳೆ ತಪ್ಪಿದಾಗಲೂ ಮಣ್ಣಿನ ತೇವ ಹಿಡಿದಿಡುವುದು ದರಗು ಮತ್ತು ನೆರಳು, ಅದು ನಮ್ಮ ಕೈಯಲ್ಲಿದೆ. ಅಡಿಕೆ ತೋಟಕ್ಕೆ, ಕೊಟ್ಟಿಗೆಗೆ ಸೊಪ್ಪಿನಬೆಟ್ಟದಿಂದ ದರಗು ತರುವುದು ಇಂದು ನಿನ್ನೆಯದಲ್ಲ, ಅದನ್ನು ನಿಲ್ಲಿಸಿ ಎನ್ನುವುದು ಅರ್ಥವಿಲ್ಲದ ಮಾತು. ಗುಡಿಸುವ ರೀತಿ ಬದಲಾಗಬೇಕು. ಅಮೆರಿಕದ ಓರೆಗಾನ್‌ನಲ್ಲಿ ಮಾತ್ಸುತಾಕೆ ಎಂಬ ಅಣಬೆಗಾಗಿ ನೆಲವನ್ನು ಆಳವಾಗಿ ಕೆರೆದು ದರಗು ಮುಚ್ಚದೆ ಬಿಟ್ಟಲ್ಲಿ ಹಲವು ವರ್ಷ ಇಳುವರಿ ಬಿದ್ದುಹೋಯಿತು. ಜೋಪಾನವಾಗಿ ಕಿತ್ತಲ್ಲಿ ಹಾಗಾಗಲಿಲ್ಲ. ನಮ್ಮ ಸಲಹೆ ಇಷ್ಟು. ಬೆಟ್ಟವನ್ನು ಮೂರು ಭಾಗ ಮಾಡಿ ವರ್ಷಕ್ಕೊಂದೇ ಭಾಗದಲ್ಲಿ ದರಗು ಎತ್ತಿ. ಕಬ್ಬಿಣದ ಹಲ್ಲುಗಳಿಂದ ಮಣ್ಣು ಕಾಣುವ ತನಕ ಕೆರೆಯಬೇಡಿ, ಮೇಲಿನ ಗರಿಗರಿ ಎಲೆ ಮಾತ್ರ ತನ್ನಿ. ಕೆಳಗಿನ ಕಪ್ಪು, ಒದ್ದೆ, ಬಿಳಿ ಎಳೆ ಹಬ್ಬಿದ ಪದರ ಎರಡಂಗುಲವಾದರೂ ಉಳಿಯಲಿ. ಬಿದ್ದು ಕೊಳೆಯುತ್ತಿರುವ ಮರದ ದಿಮ್ಮಿಗಳನ್ನು ಸೌದೆಯೆಂದು ಪೂರ್ತಿ ಬಳಿಯಬೇಡಿ. ಗೆದ್ದಲಿನ ಕಣಜ ಅವು.

ಬೆಂಕಿ ಹಾಕಿದರೆ ಕಲ್ಲಣಬೆ ಹೆಚ್ಚು ಏಳುತ್ತದೆ ಎಂಬ ನಂಬಿಕೆ ಥಾಯ್ಲೆಂಡಿನ ಉತ್ತರ ಭಾಗದಲ್ಲಿ ಬಲವಾಗಿದೆ. ಅಲ್ಲಿಯ ಹೆತ್ ಥೋಪ್ ನಮ್ಮ ಕಲ್ಲಣಬೆಯ ದಾಯಾದಿ. ಅದಕ್ಕಾಗಿ ಕಾಡಿಗೆ ಹಚ್ಚುವ ಕಿಚ್ಚು ಆ ಸೀಮೆಯ ಬೇಸಿಗೆಯ ಹೊಗೆಗೆ ಒಂದು ಕಾರಣ. ಸುಟ್ಟ ನೆಲದಲ್ಲಿ ಅಣಬೆ ಕಣ್ಣಿಗೆ ಬೇಗ ಬೀಳುತ್ತದೆ, ಹುಡುಕುವುದು ಸಲೀಸು, ಅಷ್ಟೇ. ಏಳಲು ಬೆಂಕಿ ಬೇಕಿಲ್ಲ. ಕಲ್ಲಣಬೆ ಕಟ್ಟುವುದೇ ಮಣ್ಣಿನ ಮೇಲಿನ ಒಂದೆರಡು ಅಂಗುಲದಲ್ಲಿ, ಬೆಂಕಿ ಸುಡುವುದೂ ಅದನ್ನೇ.

ತೋಟದೊಳಗಿನ ಹುತ್ತದ ಗತಿ ಇನ್ನೂ ಕೆಟ್ಟದ್ದು. ಜೆಸಿಬಿ ಬಂದ ದಿನ ಹುತ್ತ ಸಮತಟ್ಟು. ಉಳಿದದ್ದಕ್ಕೆ ಕ್ಲೋರೋಪೈರಿಫಾಸ್ ಎಂಬ ಕೀಟನಾಶಕ. ಬೆಳೆದು ನಿಂತ ಅಡಿಕೆ, ಕಾಫಿಗೆ ಒಡೊಂಟೊಟರ್ಮಿಸ್ ಮಾಡುವ ಹಾನಿ ಬಹುತೇಕ ಒಣ ತೊಗಟೆಗೆ ಸೀಮಿತ. ಅದು ಮಣ್ಣು ಮೆತ್ತಿ ಏರಿದ್ದನ್ನು ಕಂಡು ಮರ ತಿನ್ನುತ್ತಿದೆ ಎಂದು ಹೆದರುವುದೇ ಹೆಚ್ಚು. ಎಳೆಗಿಡಗಳ ಬುಡ ಮಾತ್ರ ಕಾಯಿರಿ, ಅಣಬೆ ಏಳುವ ಜಾಗದ ಸುತ್ತ ಐದಾರು ಅಡಿ ಅಗೆತ, ಕಳೆನಾಶಕ, ಗೆದ್ದಲು ಔಷಧಿ ಯಾವುದೂ ಬೇಡ.

ತೋಟದ ಅಣಬೆ ತಿನ್ನುವವರಿಗೆ ಒಂದು ಎಚ್ಚರಿಕೆ. ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣ, ಅಂದರೆ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಹೊಡೆಯುವುದೂ ಅಣಬೆ ಏಳುವುದೂ ಒಂದೇ ಹೊತ್ತಿಗೆ. ಅಣಬೆ ಮಣ್ಣಿನ ಲೋಹಗಳನ್ನು ಹೀರಿ ಒಡಲಲ್ಲಿ ಕೂಡಿಟ್ಟುಕೊಳ್ಳುತ್ತದೆ. ಔಷಧಿ ಹೊಡೆದ ತೋಟದ್ದು, ಹೆದ್ದಾರಿ ಅಂಚಿನದ್ದು ಬುಟ್ಟಿಗೆ ಬೇಡ.

ಇನ್ನು ಕೊಯ್ಯುವ ಕ್ರಮ. ಹುತ್ತದ ಅಣಬೆ ಗುಂಪಾಗಿ ಎದ್ದಾಗ ಮೊಗ್ಗು, ಅರೆ ಅರಳಿದ್ದು, ಪೂರ್ತಿ ಅರಳಿದ್ದು ಮೂರೂ ಇರುತ್ತವೆ. ತಿನ್ನಲು ರುಚಿ ಅರೆ ಅರಳಿದ್ದು. ಪೂರ್ತಿ ಹರಡಿ ಅಂಚು ಸೀಳಿದ್ದನ್ನು ಹಾಗೇ ಬಿಡಿ. ಹೇಗೂ ಅದರಲ್ಲಿ ಹುಳ ಬಿದ್ದಿರುತ್ತದೆ, ರುಚಿಯೂ ಇಳಿದಿರುತ್ತದೆ, ಬೀಜಕಣ ಉದುರಿಸುವ ಕೆಲಸ ಮಾತ್ರ ಅದು ಇನ್ನೂ ಒಂದು ದಿನ ಮಾಡಬಲ್ಲದು. ಗುಂಪಿನ ಅರ್ಧಕ್ಕಿಂತ ಹೆಚ್ಚು ತೆಗೆಯಬೇಡಿ. ದಂಟನ್ನು ನೆಲಮಟ್ಟದಲ್ಲಿ ತಿರುಚಿ ಇಲ್ಲವೇ ಕೊಯ್ದು ತೆಗೆಯಿರಿ. ಇಡೀ ಬೇರು ಎಳೆದರೆ ರುಚಿಯೇನೂ ಹೆಚ್ಚದು, ಕೆಳಗಿನ ತಟ್ಟಿಯ ತನಕ ಬಿಲ ತೆರೆದು ಮಳೆನೀರು ಇಳಿಯುತ್ತದೆ. ಪಿಕಾಸಿ ತಂದು ಹುತ್ತ ಒಡೆಯುವವರಿಗೆ ಸಿಗುವುದು ಒಂದು ಸಾರಿಗೆ ಆಗುವಷ್ಟು ಅಣಬೆ, ಕಳೆಯುವುದು ಹತ್ತಾರು ವರ್ಷದ ಫಸಲು. ಸಾಗಿಸಲು ಬಿದಿರು ಬುಟ್ಟಿಯೇ ಸರಿ. ಪ್ಲಾಸ್ಟಿಕ್ ಚೀಲದಲ್ಲಿ ಬೆವತು ಎರಡು ಗಂಟೆಯಲ್ಲಿ ಲೋಳೆಯಾಗುತ್ತದೆ, ಮನೆ ಮುಟ್ಟುವಷ್ಟರಲ್ಲಿ ಅರ್ಧ ಬಿಸಾಡಬೇಕು.

ಗುರುತಿಸುವ ವಿಷಯದಲ್ಲಿ ಸಲಿಗೆ ಬೇಡ. 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನಲ್ಲಿ ಕಾಡಣಬೆ ತಿಂದು 13 ಜನ ಸತ್ತರು, ಹೆಚ್ಚಿನವರು ಚಹಾ ತೋಟದ ಕುಟುಂಬದವರು. ಅಣಬೆ ಅವರಿಗೆ ಹೊಸದೇನೂ ಆಗಿರಲಿಲ್ಲ.

ಬೆಳ್ಳಿ ನಾಣ್ಯ ಕಪ್ಪಾದರೆ ವಿಷ, ಅರಿಶಿನ ಬಣ್ಣ ಬದಲಿಸಿದರೆ ವಿಷ, ಹುಳ ತಿಂದಿದ್ದರೆ ನಾವೂ ತಿನ್ನಬಹುದು: ಮೂರೂ ಸುಳ್ಳು. ದಂಟಿಗೆ ಉಂಗುರ ಇದ್ದದ್ದೆಲ್ಲ ವಿಷ ಎನ್ನುವುದೂ ತಪ್ಪು, ದಕ್ಷಿಣ ಭಾರತದ ಹುತ್ತದ ಅಣಬೆಗಳಲ್ಲೇ ಒಂದಕ್ಕೆ, ಟರ್ಮಿಟೊಮೈಸಿಸ್ ಹೈಮಿಗೆ, ದಪ್ಪ ಉಂಗುರವಿದೆ. ಹೊಸ ಜಾಗದ ಅಣಬೆಯಾದರೆ ಒಂದನ್ನು ಮಾತ್ರ ಬದಿಯಿಂದ ಕಡ್ಡಿಯಲ್ಲಿ ನಾಲ್ಕಂಗುಲ ಬಿಡಿಸಿ ಬುಡ ನೋಡಿ, ಮತ್ತೆ ಮಣ್ಣು ಮುಚ್ಚಿ. ದಂಟು ಸಣ್ಣದಾಗುತ್ತ ಬೇರಿನಂತೆ ಆಳಕ್ಕೆ ಇಳಿದಿರಬೇಕು. ಬುಡದಲ್ಲಿ ಹರಿದ ಮೊಟ್ಟೆಚಿಪ್ಪಿನಂಥ ಚೀಲ ಕಂಡರೆ ಅದು ಅಮಾನಿಟಾ ಎಂಬ ಗುಂಪಿನ ವಿಷದ ಅಣಬೆಯಿರಬಹುದು, ಅಲ್ಲೇ ಬಿಡಿ. ಕೊಡೆಯ ನಡುವೆ ಚೂಪು ಗುಬ್ಬಿ ಇರಬೇಕು. ಕೊಡೆಯಡಿಯ ಪಟ್ಟಿಗಳು ದಂಟಿಗೆ ಅಂಟಿರಬಾರದು.

ಆಮೇಲೆ ಬೀಜಕಣದ ಬಣ್ಣ. ಅರಳಿದ ಒಂದು ಕೊಡೆಯ ದಂಟು ಕತ್ತರಿಸಿ, ಅರ್ಧ ಬಿಳಿ ಅರ್ಧ ಕಪ್ಪು ಕಾಗದದ ಮೇಲೆ ಪಟ್ಟಿಗಳು ಕೆಳಗಾಗುವಂತೆ ಇಟ್ಟು, ಬಟ್ಟಲು ಕವುಚಿ ರಾತ್ರಿಯಿಡೀ ಬಿಡಿ. ಹುತ್ತದ ಅಣಬೆಯ ಪುಡಿ ತಿಳಿಗುಲಾಬಿ. ಅಮಾನಿಟಾದ್ದು ಬಿಳಿ. ಎಂಟೊಲೊಮಾ ಎಂಬ ವಿಷದ ಗುಂಪಿನದ್ದೂ ಗುಲಾಬಿಯೇ, ಆದರೆ ಅದರ ಪಟ್ಟಿಗಳು ಸಾಮಾನ್ಯವಾಗಿ ದಂಟಿಗೆ ಅಂಟಿರುತ್ತವೆ, ಬುಡದಲ್ಲಿ ಉದ್ದ ಬೇರಿಲ್ಲ. ಅದಕ್ಕೇ ಬಣ್ಣವೊಂದನ್ನೇ ನಂಬುವಂತಿಲ್ಲ. ಪುಡಿ ಹಸಿರಾಗಿದ್ದರೆ ಕ್ಲೋರೊಫಿಲ್ಲಮ್ ಎಂಬ ವಿಷದ ಅಣಬೆ. ಅಂಗಳದ ಹುಲ್ಲು, ಗೊಬ್ಬರಗುಂಡಿಯ ಅಂಚು, ಶಾಲೆಯ ಮೈದಾನದಲ್ಲಿ ದೊಡ್ಡದಾಗಿ, ಬಿಳಿ ಕೊಡೆಯ ಮೇಲೆ ಕಂದು ಚಕ್ಕೆ ಹೊತ್ತು ಏಳುವ ಇದು ಹುತ್ತದ ಅಣಬೆಯೆಂದು ಮೋಸ ಮಾಡುತ್ತದೆ. ಎಳೆಯದರಲ್ಲಿ ಪಟ್ಟಿಗಳೂ ಬಿಳಿ, ಹಸಿರು ಆಮೇಲೆ ಬರುತ್ತದೆ.

ಕಲ್ಲಣಬೆಯನ್ನು ಒಂದೊಂದನ್ನೂ ಎರಡು ಹೋಳು ಮಾಡಲೇಬೇಕು. ಮಣ್ಣು ತೊಳೆಯಲೂ ಅದು ಬೇಕು, ಜೀವಕ್ಕೂ ಬೇಕು. ಒಳಗೆ ಒಂದೇ ಸಮನೆ ಬಿಳಿ ತಿರುಳಿರಬೇಕು. ಕಂದು ಇಲ್ಲವೇ ಕಪ್ಪಾಗಿದ್ದರೆ ಬಲಿತದ್ದು, ಬಿಸಾಡಿ. ಹೋಳಿನಲ್ಲಿ ಕೊಡೆ, ದಂಟಿನ ಗೆರೆ ಮೂಡಿದ್ದರೆ ಅದು ಅಮಾನಿಟಾದ ಮೊಟ್ಟೆ. ದಪ್ಪ ತೊಗಲಿನೊಳಗೆ ನೇರಳೆಗಪ್ಪು ತಿರುಳಿದ್ದರೆ ಸ್ಕ್ಲೆರೊಡರ್ಮಾ, ಹೊಟ್ಟೆ ಕೆಡಿಸುವಂಥದ್ದು. ಅಕೇಶಿಯಾ, ನೀಲಗಿರಿ ನೆಡುತೋಪಿನಲ್ಲಿ ಸ್ಕ್ಲೆರೊಡರ್ಮಾ ಸಿಗುತ್ತದೆ. ಹಾಡಿಯಲ್ಲಿ ಆರಿಸಿ ಪಳಗಿದ ಕೈ ತೋಪಿನಲ್ಲಿ ಮೋಸಹೋಗುವುದು ಹೀಗೆ.

ಯಾವುದನ್ನೂ ಹಸಿಯಾಗಿ ತಿನ್ನಬೇಡಿ. ಮೊದಲ ಸಲದ್ದಾದರೆ ಎರಡು ಚಮಚ ಪಲ್ಯ ಸಾಕು, ಒಂದೆರಡು ಹಸಿ ಅಣಬೆಯನ್ನು ಕಾಗದದಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡಿ. ಊಟವಾಗಿ ಒಂದರಿಂದ ಮೂರು ಗಂಟೆಯೊಳಗೆ ವಾಂತಿಯಾದರೆ ಬಹುಮಟ್ಟಿಗೆ ಕ್ಲೋರೊಫಿಲ್ಲಮ್ ಬಗೆಯದು. ಆರು ಗಂಟೆ ಕಳೆದ ಮೇಲೆ ಶುರುವಾದ ವಾಂತಿಭೇದಿಗೇ ಹೆಚ್ಚು ಹೆದರಬೇಕು. ಅಮಾನಿಟಾದ ವಿಷ ಬೇಯಿಸಿದರೂ ಒಣಗಿಸಿದರೂ ಹೋಗುವುದಿಲ್ಲ. ಎರಡನೆಯ ದಿನ ವಾಂತಿ ನಿಂತು ರೋಗಿ ಸುಧಾರಿಸಿದಂತೆ ಕಾಣುತ್ತದೆ, ಆ ಹೊತ್ತಿಗೆ ಒಳಗೆ ಯಕೃತ್ತು ಹಾಳಾಗುತ್ತಿರುತ್ತದೆ. ಆರಾಮಾಯಿತೆಂದು ಮನೆಗೆ ಕರೆತರಬೇಡಿ. ಅದೇ ಪಂಕ್ತಿಯಲ್ಲಿ ಉಂಡವರೆಲ್ಲ, ಏನೂ ಆಗದವರೂ, ತಿಂದ ಗಂಟೆ ಬರೆದುಕೊಂಡು, ಎತ್ತಿಟ್ಟ ಅಣಬೆಯ ಜೊತೆ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಕಾನೂನಿನ ಮಾತು ಚುಟುಕಾಗಿ. 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗಿಂದ ಅನುಮತಿಯಿಲ್ಲದೆ ಏನನ್ನೂ ತರುವಂತಿಲ್ಲ, ಅಣಬೆಯನ್ನೂ. 2006ರ ಅರಣ್ಯ ಹಕ್ಕು ಕಾಯಿದೆ ಕಾಡಿನ ನಿವಾಸಿಗಳಿಗೆ ಕಿರು ಅರಣ್ಯ ಉತ್ಪನ್ನದ ಹಕ್ಕು ಕೊಟ್ಟಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೇ ಇಂಥ ಸಮುದಾಯ ಹಕ್ಕು ಪಡೆದರು. ಒಂದು ತೊಡಕಿದೆ. ಕಾಯಿದೆ ಹೇಳುವುದು ಸಸ್ಯಮೂಲದ ಉತ್ಪನ್ನ ಎಂದು, ಜೇನು, ಮೇಣ, ಗೆಡ್ಡೆ, ಬೇರುಗಳ ಪಟ್ಟಿಯಲ್ಲಿ ಅಣಬೆಯ ಹೆಸರಿಲ್ಲ, ವಿಜ್ಞಾನವಂತೂ ಅಣಬೆಯನ್ನು ಸಸ್ಯವೆನ್ನುವುದನ್ನು ಯಾವತ್ತೋ ಬಿಟ್ಟಿದೆ. ಆದ್ದರಿಂದ ಗ್ರಾಮಸಭೆಯಿಂದ ಸಮುದಾಯ ಹಕ್ಕಿನ ನಮೂನೆ 'ಬಿ' ತುಂಬುವಾಗ ಅಣಬೆ ಎಂದು ಹೆಸರು ಹಿಡಿದು, ಸ್ಥಳೀಯ ಹೆಸರುಗಳನ್ನೂ ಸೇರಿಸಿ ಬರೆಯಿರಿ.

ಕೊನೆಯದಾಗಿ ಒಂದು ಪುಸ್ತಕ ಇಡಿ. ಅಣಬೆ ಕಡಿಮೆಯಾಯಿತು ಎನ್ನುತ್ತೇವೆ, ಎಷ್ಟು ಎಂದರೆ ಯಾರ ಬಳಿಯೂ ಲೆಕ್ಕವಿಲ್ಲ. ಊರಿಗೆ ಹತ್ತು ಹುತ್ತ, ನಾಲ್ಕು ಹಾಡಿ ಸಾಕು. ಪ್ರತಿಯೊಂದಕ್ಕೂ ಸಂಖ್ಯೆ ಕೊಟ್ಟು, ಈಚಲು ಹಾರಿದ ದಿನ, ಮೊದಲ ಅಣಬೆ ಎದ್ದ ದಿನ, ನಡೆಯುತ್ತಿದ್ದ ಮಳೆ ನಕ್ಷತ್ರ, ಎಣಿಸಿದ ಕೊಡೆ, ಕಿತ್ತದ್ದೆಷ್ಟು, ಬಿಟ್ಟದ್ದೆಷ್ಟು ಬರೆಯಿರಿ. ಮಳೆಯ ಅಳತೆಗೆ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕ ಇಟ್ಟಿದೆ, ಹಿಂದಿನ ಹದಿನೈದು ದಿನದ ಮಿಲಿಮೀಟರ್ ಪಡೆದು ಪಕ್ಕದಲ್ಲಿ ನಮೂದಿಸಿ. ಫೋಟೊ ತೆಗೆಯುವ ಮುನ್ನ ಫೋನಿನ ಲೊಕೇಶನ್ ಆಫ್ ಮಾಡಿ, ಹುತ್ತದ ಜಾಗ ವಾಟ್ಸಾಪಿನಲ್ಲಿ ಹರಿದಾಡುವುದು ಬೇಡ. ಒಂದೂ ಏಳದ ವರ್ಷ ಆ ಸಾಲನ್ನು ಖಾಲಿ ಬಿಡಬೇಡಿ. 'ಇಲ್ಲ' ಎಂದು ಬರೆದು ದಿನಾಂಕ ಹಾಕಿ.